ಒಂದೇ ಪೊಸಿಷನ್, ಎರಡು ಇಸಿಒ ಕೋಡ್: ಮಕ್ಕಳ ಆಟಗಳನ್ನು ಹೇಗೆ ವಿಂಗಡಿಸಲಿ?

ಮಲೆನಾಡ ಕೋಚ್:

ಎಲ್ಲರಿಗೂ ನಮಸ್ಕಾರ. ಸಣ್ಣ ಊರೊಂದರಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಅವರು ಟೂರ್ನಮೆಂಟ್‌ಗಳಲ್ಲಿ ಬರೆದ ಸ್ಕೋರ್‌ಶೀಟ್‌ಗಳನ್ನು ಆರು ವರ್ಷದಿಂದ ಎತ್ತಿಟ್ಟಿದ್ದೇನೆ. ಭಾನುವಾರ ರಾತ್ರಿ ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಹಾಕುತ್ತೇನೆ. ಮಳೆಯಲ್ಲಿ ನೆಂದ ಹಾಳೆ, ಹೊಡೆದು ಹಾಕಿ ಮತ್ತೆ ಬರೆದ ನಡೆ, ಎಲ್ಲವನ್ನೂ ಬಿಡಿಸಿ ಓದಿ ಹಾಕಿದ್ದು. ಈಗ ಒಂದೇ ಪಿಜಿಎನ್ ಫೈಲಿನಲ್ಲಿ (ಚೆಸ್ ಆಟಗಳನ್ನು ಬರೆದಿಡುವ ಫೈಲ್ ಮಾದರಿ) 1,800 ಚಿಲ್ಲರೆ ಆಟಗಳಾಗಿವೆ.

ಇವನ್ನು ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಪ್ರಕಾರ ಬೇರೆ ಮಾಡಿ, ಪ್ರತಿ ಮಗುವಿಗೂ "ನೋಡು, ನಿನಗೆ ತೊಂದರೆ ಆಗ್ತಿರೋದು ಇಲ್ಲಿ" ಅಂತ ತೋರಿಸಬೇಕು ಅನ್ನೋದು ನನ್ನ ಆಸೆ. ಸಾಫ್ಟ್‌ವೇರ್‌ನಲ್ಲಿ ಇಸಿಒ ಕೋಡ್ (ಪ್ರತಿ ಓಪನಿಂಗ್ ಗುರುತಿಸುವ ಒಂದು ಅಕ್ಷರ, ಎರಡು ಅಂಕಿ) ಹಾಕುವ ಬಟನ್ ಒತ್ತಿದೆ. ಎರಡು ಕಡೆ ಸಿಕ್ಕಿಹಾಕಿಕೊಂಡೆ.

ಒಂದು. ನಮ್ಮ ಹುಡುಗಿಯೊಬ್ಬಳು ಕಪ್ಪು ಕಾಯಿಯಲ್ಲಿ ಕ್ಯಾರೊ-ಕಾನ್ ಆಡಿದ್ದಳು. ಎದುರಾಳಿ ಅದರ ವಿರುದ್ಧದ ಪಾನೋವ್ ದಾಳಿ ಹಿಡಿದ:

1. ಇ4 ಸಿ6 2. ಡಿ4 ಡಿ5 3. ಇ×ಡಿ5 ಸಿ×ಡಿ5 4. ಸಿ4 ಕುದುರೆ ಎಫ್6 5. ಕುದುರೆ ಸಿ3 ಇ6 6. ಕುದುರೆ ಎಫ್3 ಒಂಟೆ ಇ7 7. ಸಿ×ಡಿ5 ಕುದುರೆ×ಡಿ5 8. ಒಂಟೆ ಡಿ3 ಕುದುರೆ ಸಿ6 9. ಕ್ಯಾಸಲ್ ಕ್ಯಾಸಲ್

ಅದೇ ಟೂರ್ನಮೆಂಟಿನಲ್ಲಿ ಇನ್ನೊಬ್ಬ ಹುಡುಗನ ಆಟ:

1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3 ಕುದುರೆ ಎಫ್6 4. ಕುದುರೆ ಎಫ್3 ಸಿ5 5. ಸಿ×ಡಿ5 ಕುದುರೆ×ಡಿ5 6. ಇ3 ಕುದುರೆ ಸಿ6 7. ಒಂಟೆ ಡಿ3 ಸಿ×ಡಿ4 8. ಇ×ಡಿ4 ಒಂಟೆ ಇ7 9. ಕ್ಯಾಸಲ್ ಕ್ಯಾಸಲ್

ಎರಡನ್ನೂ ಎರಡು ಬೋರ್ಡಿನಲ್ಲಿ ಜೋಡಿಸಿ ಪಕ್ಕಪಕ್ಕ ಇಟ್ಟೆ. ಒಂದು ಕಾಯಿಯೂ ವ್ಯತ್ಯಾಸ ಇಲ್ಲ. ಎರಡರಲ್ಲೂ ಹತ್ತನೇ ನಡೆ ಬಿಳಿಯದೇ. ಆದರೆ ಮೊದಲನೆಯದಕ್ಕೆ ಬಿ14, ಎರಡನೆಯದಕ್ಕೆ ಡಿ42 ಅಂತ ಬಂದಿದೆ.

ಎರಡು. ಇನ್ನೊಂದು ಆಟ 1. ಸಿ4 ಇ6 2. ಕುದುರೆ ಸಿ3 ಡಿ5 3. ಡಿ4 ಒಂಟೆ ಇ7 4. ಸಿ×ಡಿ5 ಇ×ಡಿ5 5. ಒಂಟೆ ಎಫ್4 ಅಂತ ಹೋಗಿದೆ. ಒಂದು ಸಾಫ್ಟ್‌ವೇರ್ ಇದನ್ನು ಡಿ31 ಅನ್ನುತ್ತದೆ, ಇನ್ನೊಂದು ಎ13. ಯಾವುದನ್ನು ನಂಬಲಿ?

ಕುದುರೆ ಸವಾರ:

ಸರ್, ಮೊದಲು ಆ ಸ್ಕೋರ್‌ಶೀಟ್ ಎತ್ತಿಟ್ಟಿದ್ದಕ್ಕೆ ಕೈ ಮುಗಿಯುತ್ತೇನೆ. ಎಷ್ಟೋ ಕಡೆ ಬಹುಮಾನ ಕೊಟ್ಟ ಮಾರನೇ ದಿನವೇ ಅವು ರದ್ದಿಗೆ ಹೋಗುತ್ತವೆ.

ಎರಡನೇ ಪ್ರಶ್ನೆ ಸುಲಭ ಅನ್ನಿಸುತ್ತೆ. ಎ13 ಅಂದವನು ಆಟದ ನಡೆಗಳನ್ನು ಬರೀ ಅಕ್ಷರಗಳ ಹಾಗೆ ಹೋಲಿಸುತ್ತಿರಬಹುದು. "ಸಿ4 ಇ6" ಕಂಡ ತಕ್ಷಣ ಇಂಗ್ಲಿಷ್ ಓಪನಿಂಗ್, ಮುಗೀತು. ಡಿ31 ಅಂದವನು ಪ್ರತಿ ನಡೆ ಆದಮೇಲೆ ಬೋರ್ಡನ್ನು ನೋಡುತ್ತಾನೆ. ಮೂರನೇ ನಡೆಗೆ ಅದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಆಗಿಬಿಟ್ಟಿರುತ್ತೆ. ಎ13 ತೋರಿಸುವ ಸಾಫ್ಟ್‌ವೇರ್‌ನ ಹೆಲ್ಪ್‌ನಲ್ಲಿ ಏನು ಬರೆದಿದೆ ನೋಡಿ.

ಮಲೆನಾಡ ಕೋಚ್:

ನೋಡಿದೆ. "ಪೊಸಿಷನ್ ಆಧಾರದ ಮೇಲೆ ಗುರುತಿಸುತ್ತದೆ" ಅಂತಲೇ ಬರೆದಿದ್ದಾರೆ. ಅದಕ್ಕೇ ತಲೆ ಕೆಟ್ಟಿದ್ದು.

ಸಾಲು ಎಣಿಸುವವಳು:

ಕೋಚ್ ಸರ್, ಒಂದು ಕೆಲಸ ಮಾಡಿ. ಆ ಆಟದಲ್ಲಿ 3. ಡಿ4 ಆದಮೇಲೆ ನಿಲ್ಲಿಸಿ. ಅಲ್ಲಿ ಪೊಸಿಷನ್ನನ್ನು ಫೆನ್ ಆಗಿ, ಅಂದರೆ ಇಡೀ ಬೋರ್ಡನ್ನು ಒಂದೇ ಸಾಲಿನಲ್ಲಿ ಬರೆಯುವ ರೀತಿಯಲ್ಲಿ, ಕಾಪಿ ಮಾಡಿ. ಆಮೇಲೆ 1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3 ಅಂತ ಆಡಿ, ಅದರ ಫೆನ್ ಕೂಡ ಕಾಪಿ ಮಾಡಿ. ಎರಡು ಸಾಲನ್ನೂ ಒಂದರ ಕೆಳಗೆ ಒಂದು ಇಟ್ಟು ಕೊನೆ ಭಾಗ ನೋಡಿ.

ಮಲೆನಾಡ ಕೋಚ್:

ಮಾಡಿದೆ ಮೇಡಂ. ಕಾಯಿಗಳ ಭಾಗ ಒಂದೇ. ಯಾರ ನಡೆ ಅನ್ನೋದೂ ಒಂದೇ. ಕ್ಯಾಸಲಿಂಗ್ ಹಕ್ಕೂ ಒಂದೇ. ಅದರ ಮುಂದೆ ಒಂದರಲ್ಲಿ "ಡಿ3" ಅಂತ ಇದೆ, ಇನ್ನೊಂದರಲ್ಲಿ ಬರೀ ಅಡ್ಡಗೆರೆ.

ಸಾಲು ಎಣಿಸುವವಳು:

ಸಿಕ್ಕಿತು! ಕಳ್ಳ ಇರೋದು ಅಲ್ಲೇ.

ಪಾನ್ ಎರಡು ಮನೆ ಹಾರಿದಾಗ, ಅದು ದಾಟಿ ಬಂದ ಮನೆಯನ್ನು ಫೆನ್‌ನಲ್ಲಿ ಬರೆಯುತ್ತಾರೆ. ಆನ್‌ಪಾಸಾನ್‌ಗಾಗಿ, ಅಂದರೆ ಹಾಗೆ ಹಾರಿದ ಪಾನನ್ನು ಪಕ್ಕದ ಎದುರಾಳಿ ಪಾನ್ ಮರುನಡೆಯಲ್ಲೇ ಹೊಡೆಯುವ ನಿಯಮಕ್ಕಾಗಿ. ಪಿಜಿಎನ್ ನಿಯಮಗಳನ್ನು 1990ರ ದಶಕದ ಮೊದಲ ಭಾಗದಲ್ಲಿ ಬರೆದಾಗ, ಹೊಡೆಯೋಕೆ ಪಕ್ಕದಲ್ಲಿ ಎದುರಾಳಿ ಪಾನ್ ಇರಲಿ ಬಿಡಲಿ ಆ ಮನೆ ಬರೆಯಬೇಕು ಅಂತಲೇ ಇತ್ತು. ಈಗ ತುಂಬಾ ಸಾಫ್ಟ್‌ವೇರ್‌ಗಳು ನಿಜವಾಗಿ ಹೊಡೆಯೋಕೆ ಆಗುವಾಗ ಮಾತ್ರ ಬರೆಯುತ್ತವೆ.

ನಿಮ್ಮ ಹುಡುಗನ ಆಟದಲ್ಲಿ ಕೊನೆಯ ನಡೆ ಡಿ4. ಹಾಗಾಗಿ "ಡಿ3" ಬಂತು. ಆ ಪಾನ್ ಹೊಡೆಯೋಕೆ ಕಪ್ಪು ಪಾನ್ ಯಾವುದೂ ಹತ್ತಿರದಲ್ಲೇ ಇಲ್ಲ. ಆದರೂ ಬಂತು. ಕೋಡ್ ಪಟ್ಟಿಯಲ್ಲಿ ಅದೇ ಪೊಸಿಷನ್‌ಗೆ ಕೊನೆಯ ನಡೆ ಕುದುರೆ ಸಿ3. ಅಲ್ಲಿ ಅಡ್ಡಗೆರೆ. ಸಾಫ್ಟ್‌ವೇರ್ ಎರಡು ಸಾಲನ್ನು ಹೋಲಿಸಿ "ಬೇರೆ ಬೇರೆ" ಅಂದುಬಿಟ್ಟಿತು. ಹಿಂದೆ ಸಿಕ್ಕಿದ್ದ ಎ13 ಹಾಗೇ ಉಳಿಯಿತು.

ಒಂಟೆ ಇ7 ಬದಲು ಕುದುರೆ ಎಫ್6 ಬಂದಿದ್ದರೆ ಮುಂದಿನ ಪೊಸಿಷನ್ ಡಿ35ಕ್ಕೆ ಸರಿಯಾಗಿ ಕೂತು ಈ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಎಷ್ಟೋ ಆಟಗಳಲ್ಲಿ ಹೀಗೇ ಮುಚ್ಚಿಹೋಗಿರುತ್ತೆ.

ನಾನು ಪೈಥಾನ್-ಚೆಸ್ ಅನ್ನುವ ಪ್ರೋಗ್ರಾಮಿಂಗ್ ಲೈಬ್ರರಿ ಬಳಸುತ್ತೇನೆ. ಅದು ತಾನಾಗಿಯೇ ಹೊಡೆಯೋಕೆ ಸಾಧ್ಯ ಇದ್ದಾಗ ಮಾತ್ರ ಆ ಮನೆ ಬರೆಯುತ್ತೆ. ಆದರೆ ಪಟ್ಟಿಯ ಪೊಸಿಷನ್‌ಗಳನ್ನು ಬೇರೆ ಎಲ್ಲಿಂದಲೋ ತಂದು, ಆಟವನ್ನು ಇಲ್ಲಿ ಓದಿದರೆ ಮತ್ತೆ ಇದೇ ಗೋಳು. ಎರಡನ್ನೂ ಒಂದೇ ಕೈಯಲ್ಲಿ ಮಾಡಿಸಬೇಕು.

ಕುದುರೆ ಸವಾರ:

ನನಗೆ ಇದು ಗೊತ್ತಿರಲಿಲ್ಲ. ನನ್ನ ಫೈಲನ್ನೂ ಇವತ್ತೇ ನೋಡುತ್ತೇನೆ.

ಇಂಥದ್ದೇ ಇನ್ನೊಂದು ತಪ್ಪು ನಾನೇ ಮಾಡಿದ್ದೆ. ನನ್ನ ಸಣ್ಣ ಪ್ರೋಗ್ರಾಮ್ ಪಟ್ಟಿಯಲ್ಲಿ ಇಲ್ಲದ ಪೊಸಿಷನ್ ಬಂದ ತಕ್ಷಣ ನಿಂತುಬಿಡುತ್ತಿತ್ತು. ಆಟ ನಾಲ್ಕನೇ ನಡೆಗೆ ಪಟ್ಟಿಯಿಂದ ಹೊರಗೆ ಹೋಗಿ, ಏಳನೇ ನಡೆಗೆ ಬೇರೆ ದಾರಿಯಿಂದ ಮತ್ತೆ ಒಳಗೆ ಬರುತ್ತೆ ಅಲ್ವಾ, ಅದನ್ನು ನೋಡುತ್ತಲೇ ಇರಲಿಲ್ಲ. ಮೊದಲ 20 ನಡೆಗಳನ್ನಾದರೂ ಪೂರ್ತಿ ನಡೆದು, ಕೊನೆಗೆ ಯಾವುದು ಸಿಕ್ಕಿತೋ ಅದನ್ನು ಹಿಡಿಯಬೇಕು.

ಹಳೇ ಬೋರ್ಡು:

ನಾನು ಕಂಪ್ಯೂಟರ್ ಕಾಲದವನಲ್ಲ. ಆದರೆ ಈ ಕೋಡುಗಳ ಜೊತೆ ನಲವತ್ತು ವರ್ಷ ಬದುಕಿದ್ದೇನೆ, ಅದಕ್ಕೆ ಎರಡು ಮಾತು.

1966ರಲ್ಲಿ ಬೆಲ್‌ಗ್ರೇಡ್‌ನಿಂದ ಚೆಸ್ ಇನ್ಫಾರ್ಮೆಂಟ್ ಶುರುವಾಯಿತು. ಯುಗೊಸ್ಲಾವಿಯಾದ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಮಟಾನೊವಿಚ್ ಅದರ ಬೆನ್ನೆಲುಬು. ಆಟದ ಟಿಪ್ಪಣಿಯಲ್ಲಿ ಮಾತೇ ಇರುತ್ತಿರಲಿಲ್ಲ, ಬರೀ ಚಿಹ್ನೆ. ರಷ್ಯಾದವನೂ ಓದಬೇಕು, ಅರ್ಜೆಂಟೀನಾದವನೂ ಓದಬೇಕು, ಇಲ್ಲಿ ಕೂತ ನಾನೂ ಓದಬೇಕು. ಓಪನಿಂಗ್ ಹೆಸರು ಒಂದೊಂದು ದೇಶಕ್ಕೆ ಒಂದೊಂದು. ಕೆಲವರಿಗೆ ರುಯ್ ಲೋಪೆಜ್, ಕೆಲವರಿಗೆ ಸ್ಪ್ಯಾನಿಷ್. ಪೆಟ್ರೋಫ್ ಅಂದರೂ ರಷ್ಯನ್ ಅಂದರೂ ಒಂದೇ. ಹೆಸರು ಬಿಟ್ಟು ಅಕ್ಷರ ಮತ್ತು ಎರಡು ಅಂಕಿ ಇಟ್ಟರು. 1974ರಿಂದ ಆ ಓಪನಿಂಗ್ ವಿಶ್ವಕೋಶದ ಐದು ಸಂಪುಟ ಒಂದೊಂದಾಗಿ ಬಂದವು. ಎ00ರಿಂದ ಇ99ರವರೆಗೆ ಒಟ್ಟು 500 ಕೋಡ್.

ಅದು ಪುಸ್ತಕದ ಕಪಾಟಿಗೆ ಮಾಡಿದ ವ್ಯವಸ್ಥೆ, ಇದನ್ನು ಮರೆಯಬಾರದು. ಆ ಕಾಲದಲ್ಲಿ ಯಾವ ಓಪನಿಂಗ್‌ಗೆ ಎಷ್ಟು ಆಟ ಬರುತ್ತಿತ್ತೋ ಅಷ್ಟು ಜಾಗ ಕೊಟ್ಟರು. ಸಿಸಿಲಿಯನ್‌ಗೆ ಬಿ20ರಿಂದ ಬಿ99, ಅಂದರೆ 80 ಕೋಡ್. ಅದರಲ್ಲಿ ನೈದೋರ್ಫ್ ಒಂದಕ್ಕೇ ಹತ್ತು. ಇನ್ನೊಂದು ಕಡೆ 1. ಬಿ4, 1. ಜಿ4, 1. ಕುದುರೆ ಸಿ3 ಎಲ್ಲವನ್ನೂ ಎ00 ಎಂಬ ಒಂದೇ ಚೀಲಕ್ಕೆ ತುಂಬಿದರು. 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ರುಯ್ ಲೋಪೆಜ್ ಎದುರಿನ ಬರ್ಲಿನ್ ಡಿಫೆನ್ಸ್ ಹಿಡಿದು ಕ್ಯಾಸ್ಪರೋವ್ ಅವರನ್ನು ಕಟ್ಟಿಹಾಕಿದ ಮೇಲೆ ಜಗತ್ತೆಲ್ಲ ಬರ್ಲಿನ್ ಆಡತೊಡಗಿತು. ಆ ಎಂಡ್‌ಗೇಮ್ ಆಟಗಳೆಲ್ಲ ಇವತ್ತಿಗೂ ಸಿ67 ಅನ್ನುವ ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿ ಕೂತಿವೆ.

ಸ್ಕಿಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೇ ಕೋಡಿನ ಮುಂದೆ ಇನ್ನಷ್ಟು ಅಕ್ಷರ, ಅಂಕಿ ಸೇರಿಸಿ ಸೀಳಿಕೊಂಡಿದೆ. ಚೆಸ್‌ಬೇಸ್‌ನವರು ತಮ್ಮದೇ ಓಪನಿಂಗ್ ಕೀ ಮಾಡಿಕೊಂಡರು. ನ್ಯೂ ಇನ್ ಚೆಸ್‌ನವರದು ಇನ್ನೊಂದೇ ಪದ್ಧತಿ. ಕೋಚ್ ಅವರು ತಮ್ಮದೊಂದು ಮಾಡಿಕೊಂಡರೆ ಏನೂ ತಪ್ಪಿಲ್ಲ.

ಲಂಡನ್ ಅಮ್ಮ:

ಮಧ್ಯೆ ಬಾಯಿ ಹಾಕ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳಿಗೆ 11 ವರ್ಷ. ಬಿಳಿ ಬಂದರೆ ಲಂಡನ್ ಸಿಸ್ಟಮ್ ಬಿಟ್ಟು ಬೇರೆ ಆಡುವುದಿಲ್ಲ. ಅವಳ ಆಟಗಳ ವರದಿ ತೆಗೆದರೆ ಐದು ಬೇರೆ ಬೇರೆ ಕೋಡ್ ಬರುತ್ತೆ. ಯಾವುದರಲ್ಲೂ ಏಳೆಂಟಕ್ಕಿಂತ ಜಾಸ್ತಿ ಆಟ ಇಲ್ಲ. "ಅಮ್ಮಾ, ನಾನು ಐದು ಓಪನಿಂಗ್ ಆಡ್ತೀನಾ?" ಅಂತ ಕೇಳಿದಳು. ಏನು ಹೇಳಲಿ?

ಕುದುರೆ ಸವಾರ:

ಒಂದೇ ಆಡ್ತೀಯಾ ಪುಟ್ಟಾ ಅಂತ ಹೇಳಿ ಅಕ್ಕ. ಕೋಡುಗಳೇ ಚದುರಿವೆ.

1. ಡಿ4 ಡಿ5 2. ಒಂಟೆ ಎಫ್4 ಆದರೆ ಡಿ00. ಮೊದಲು ಕುದುರೆ ಎಫ್3, ಆಮೇಲೆ ಒಂಟೆ ಬಂದರೆ ಡಿ02. ಎದುರಾಳಿ 1... ಕುದುರೆ ಎಫ್6 ಆಡಿ ಇವಳು ತಕ್ಷಣ ಒಂಟೆ ಎಫ್4 ಅಂದರೆ ಎ45. ಎರಡನೇ ನಡೆಗೆ ಕುದುರೆ ಎಫ್3, ಎದುರಾಳಿ ಇ6, ಮೂರಕ್ಕೆ ಒಂಟೆ ಅಂದರೆ ಎ46. ಇ6 ಬದಲು ಜಿ6 ಆಡಿದರೆ ಎ48.

ಲಂಡನ್ ಇಷ್ಟು ಜನಪ್ರಿಯ ಆಗುತ್ತೆ ಅಂತ ಆ ಸಂಪುಟ ಬರೆಯುವಾಗ ಯಾರಿಗೂ ಅನ್ನಿಸಿರಲಿಲ್ಲ, ಅದಕ್ಕೇ ಸ್ವಂತ ಮನೆ ಸಿಗಲಿಲ್ಲ. ನೀವು ಕೋಡ್ ಬದಲು ಓಪನಿಂಗ್ ಹೆಸರಿನಲ್ಲಿ "ಲಂಡನ್" ಅಂತ ಹುಡುಕಿ. ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನವರ ಓಪನಿಂಗ್ ಪಟ್ಟಿ ಎಲ್ಲರಿಗೂ ಉಚಿತ. ಕೋಡ್, ಹೆಸರು, ನಡೆಗಳು ಅಂತ ಮೂರೇ ಕಾಲಮ್. ಮೂರು ಸಾವಿರಕ್ಕೂ ಜಾಸ್ತಿ ಸಾಲುಗಳಿವೆ.

ಲಂಡನ್ ಅಮ್ಮ:

ಹೆಸರಲ್ಲಿ ಹುಡುಕಿದೆ. 34 ಆಟ ಒಟ್ಟಿಗೆ ಬಂತು. ಜಿ6 ಆಡಿದವರ ಎದುರೇ ಜಾಸ್ತಿ ಸೋತಿದ್ದಾಳೆ ಅಂತ ಈಗ ಕಾಣ್ತಿದೆ. ತುಂಬಾ ಥ್ಯಾಂಕ್ಸ್.

ಮಲೆನಾಡ ಕೋಚ್:

ನನ್ನ ಎರಡನೇ ಸಮಸ್ಯೆ ಬಗೆಹರಿಯಿತು. ಫೈಲನ್ನು ಬೇರೆ ಸಾಫ್ಟ್‌ವೇರ್‌ಗೆ ಕೊಟ್ಟೆ, ಎ13 ಹೋಗಿ ಡಿ31 ಬಂತು. ಆದರೆ ಮೊದಲನೆಯದು ಹಾಗೇ ಇದೆಯಲ್ಲ? ಅಲ್ಲಿ ಆನ್‌ಪಾಸಾನ್ ಮಾತೇ ಇಲ್ಲ, ಎರಡೂ ಕಡೆ ಕೊನೆಯ ನಡೆ ಕ್ಯಾಸಲಿಂಗ್. ಆದರೂ ಒಂದು ಬಿ14, ಒಂದು ಡಿ42.

ಸಾಲು ಎಣಿಸುವವಳು:

ಅದು ನಿಜವಾದ ಗಂಟು ಸರ್. ನಿನ್ನೆ ರಾತ್ರಿ ಅದನ್ನೇ ಹಿಡಿದು ಕೂತಿದ್ದೆ.

ನನ್ನ ಹತ್ತಿರ ಇರುವ ಪಟ್ಟಿಯಲ್ಲಿ ಡಿ42 ಅಂದರೆ 7. ಒಂಟೆ ಡಿ3 ಆದ ಪೊಸಿಷನ್. ಆ ಹೊತ್ತಿಗೆ ಕಪ್ಪು ಪಾನ್ ಇನ್ನೂ ಸಿ5ನಲ್ಲೇ ಇದೆ, ಬಿಳಿ ಪಾನ್ ಇ3ಯಲ್ಲಿದೆ. ಪಾನೋವ್ ದಾರಿಯಲ್ಲಿ ಹೋದ ಆಟ ಆ ಪೊಸಿಷನ್ನನ್ನು ಯಾವತ್ತೂ ಮುಟ್ಟುವುದಿಲ್ಲ. ಅಲ್ಲಿ ಕಪ್ಪಿನ ಸಿ ಪಾನ್ ಮೂರನೇ ನಡೆಗೇ ಡಿ5ಗೆ ಹೋಗಿರುತ್ತೆ. ಎರಡು ದಾರಿಗಳೂ ಸೇರುವುದು ಎಂಟನೇ ನಡೆಗೆ. ಸೇರುವ ಜಾಗ ಪಟ್ಟಿಯಲ್ಲೇ ಇಲ್ಲ! ಹಾಗಾಗಿ ಇಬ್ಬರೂ ತಾವು ಹಿಂದೆ ದಾಟಿ ಬಂದ ಊರಿನ ಬೋರ್ಡನ್ನೇ ಹಿಡಿದುಕೊಂಡು ನಿಂತಿದ್ದಾರೆ.

ಪೊಸಿಷನ್ ನೋಡುವ ಸಾಫ್ಟ್‌ವೇರ್ ಇದ್ದರೆ ಸಾಕು ಅಂದುಕೊಂಡಿದ್ದೆ ನಾನು. ಸಾಲದು. ಎರಡು ಹೊಳೆ ಸೇರುವ ಜಾಗವನ್ನು ಪಟ್ಟಿಗೆ ನಾವೇ ಬರೆಯಬೇಕು.

ಪಿಜಿಎನ್ ಫೈಲ್ ವಿಂಗಡಿಸುವ ಪಿಜಿಎನ್-ಎಕ್ಸ್‌ಟ್ರಾಕ್ಟ್ ಪ್ರೋಗ್ರಾಮ್ ಬಳಸುವವರಿಗೆ ಇದು ಸುಲಭ. ಅದರ ಇಸಿಒ ಪಟ್ಟಿಯೂ ಒಂದು ಪಿಜಿಎನ್ ಫೈಲೇ. ನಿಮ್ಮ ಹುಡುಗನ ಆಟದ ಒಂಬತ್ತು ನಡೆಗಳನ್ನು ಹಾಗೇ ಒಂದು ಹೊಸ ಸಾಲಾಗಿ ಸೇರಿಸಿ, ಮೇಲೆ ಡಿ42 ಅಂತ ಹಾಕಿ. ಆಮೇಲೆ ಎರಡೂ ಆಟ ಡಿ42 ಆಗುತ್ತವೆ.

ಹಳೇ ಬೋರ್ಡು:

ಸ್ವಲ್ಪ ತಡೀರಿ. ಹಾಗೆ ಮಾಡಿದರೆ ಆ ಹುಡುಗಿ ಕ್ಯಾರೊ-ಕಾನ್ ಆಡಿದ್ದಳು ಅನ್ನೋದೇ ಅಳಿಸಿಹೋಗುತ್ತೆ. ನಾಳೆ ಅವಳಿಗೆ "ನೀನು ಇ4 ಎದುರು ಎಷ್ಟು ಗೆದ್ದೆ" ಅಂತ ಹೇಳೋದು ಹೇಗೆ? ಡಿ42 ಚೀಲದಲ್ಲಿ ಯಾರೂ ಇ4 ಹುಡುಕುವುದಿಲ್ಲ.

ಬಂದ ದಾರಿಗೂ ಬೆಲೆ ಇದೆ. 1. ಕುದುರೆ ಎಫ್3 ಆಡಿ ಆಮೇಲೆ ಡಿ4, ಸಿ4ಗೆ ಬರುವವನು ಸುಮ್ನೆ ಹಾಗೆ ಬರುವುದಿಲ್ಲ. ಕುದುರೆ ಇ5 ಮನೆ ಕಾಯುತ್ತಿರುವುದರಿಂದ ಕಪ್ಪು ಇ5 ತಳ್ಳಿ ಆಡುವ ಬುಡಾಪೆಸ್ಟ್ ಗ್ಯಾಂಬಿಟ್, ಆಲ್ಬಿನ್ ಎರಡೂ ಅಲ್ಲೇ ನಿಂತುಹೋಗುತ್ತವೆ. ಅವನು ಬೇಕೆಂದೇ ಆ ಬಾಗಿಲಿನಿಂದ ಬಂದಿದ್ದಾನೆ. ಹತ್ತನೇ ನಡೆಯ ಪೊಸಿಷನ್ ಮಾತ್ರ ನೋಡಿದರೆ ಅದು ಗೊತ್ತೇ ಆಗುವುದಿಲ್ಲ. ಎದುರಾಳಿಗೆ ತಯಾರಿ ಮಾಡುವಾಗ ನಮಗೆ ಬೇಕಾಗಿರುವುದು ಆ ಬಾಗಿಲು.

ಮಲೆನಾಡ ಕೋಚ್:

ಸರ್, ನೀವು ಹೇಳಿದ್ದು ಓದುವಾಗ ನನಗೆ ಒಬ್ಬ ಹುಡುಗ ನೆನಪಾದ. ಅವನು 1. ಸಿ4 ಬಿಟ್ಟು ಬೇರೆ ಆಡಲ್ಲ. ಒಂದು ಆಟ 1. ಸಿ4 ಸಿ5 2. ಕುದುರೆ ಎಫ್3 ಜಿ6 3. ಡಿ4 ಸಿ×ಡಿ4 4. ಕುದುರೆ×ಡಿ4 ಕುದುರೆ ಸಿ6 5. ಇ4 ಅಂತ ಹೋಗಿತ್ತು. ಸ್ಕ್ರೀನ್ ಮೇಲೆ ಬಿ36, ಸಿಸಿಲಿಯನ್ ಅಂತ ಬಂತು. "ಸರ್, ನಾನು ಇಂಗ್ಲಿಷ್ ಆಡಿದ್ದು, ಇದು ತಪ್ಪು ತೋರಿಸ್ತಿದೆ" ಅಂತ ಅವನ ವಾದ. ನಾನು ಬೋರ್ಡ್ ಮೇಲೆ 1. ಇ4 ಸಿ5ನಿಂದ ಆಡಿ ತೋರಿಸಿದೆ. ಐದನೇ ನಡೆಗೆ ಅವನದೇ ಪೊಸಿಷನ್ ಬಂತು. ಮಾರೊಸಿ ಬೈಂಡ್. ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡೂ ದಾರಿಯನ್ನು ತಾನೇ ನಾಲ್ಕು ಸಲ ಆಡಿ ನೋಡಿದ. ಅವನ ಹೇಳಿಕೆಯೂ ಸರಿ, ಸ್ಕ್ರೀನಿನದೂ ಸರಿ.

ಹಾಗಾದರೆ ಎರಡು ಕಾಲಮ್ ಇಡಲಾ? ಬಾಗಿಲು (ಬಂದ ದಾರಿ) ಒಂದು, ಮನೆ (ಕೊನೆಗೆ ಸೇರಿದ ಪೊಸಿಷನ್) ಒಂದು?

ಸಾಲು ಎಣಿಸುವವಳು:

ಇಡಿ ಸರ್. ಪಿಜಿಎನ್‌ನಲ್ಲಿ ಕಡ್ಡಾಯ ಟ್ಯಾಗ್ (ಆಟದ ಮೇಲೆ ಬರೆಯುವ ಮಾಹಿತಿ ಸಾಲು) ಏಳೇ: ಟೂರ್ನಮೆಂಟ್, ಊರು, ತಾರೀಖು, ಸುತ್ತು, ಬಿಳಿ, ಕಪ್ಪು, ಫಲಿತಾಂಶ. ಅದರ ಮೇಲೆ ನಮಗೆ ಬೇಕಾದ್ದನ್ನು ಸೇರಿಸಿಕೊಳ್ಳಬಹುದು. ಇಸಿಒ ಟ್ಯಾಗ್‌ನಲ್ಲಿ ಮನೆ ಇರಲಿ. ಬಾಗಿಲಿಗೆ ಹೊಸ ಟ್ಯಾಗ್ ಮಾಡಿ, ಮೊದಲ ನಾಲ್ಕು ನಡೆಗಳಲ್ಲಿ ಕೊನೆಗೆ ಸಿಕ್ಕ ಕೋಡ್ ಹಾಕಿ. ಪಾನೋವ್ ಆಟಕ್ಕೆ ಬಿ13 ಬರುತ್ತೆ.

ಹಳೇ ಬೋರ್ಡು:

ನಾಲ್ಕು ನಡೆ ಅಂದರೆ ಅವರ ಸಿ4 ಆಟ ಅಷ್ಟರಲ್ಲಿ ಡಿ31 ಆಗಿಬಿಟ್ಟಿರುತ್ತಲ್ಲಮ್ಮ. ಬಾಗಿಲು ಮತ್ತೆ ಕಳೆದುಹೋಯಿತು. ಎರಡು ನಡೆಗೆ ನಿಲ್ಲಿಸಿದರೆ ಪಾನೋವ್ ಅನ್ನೋದೇ ಕಾಣಿಸಲ್ಲ.

ಬಾಗಿಲಿಗೆ ಕೋಡೇ ಬೇಡ. ಮೊದಲ ನಾಲ್ಕು ನಡೆಗಳನ್ನೇ ಇದ್ದ ಹಾಗೆ ಬರೆದಿಡಿ.

ಸಾಲು ಎಣಿಸುವವಳು:

ಹೌದು. ಅದೇ ಸರಿ. ಅಕ್ಷರದ ಪ್ರಕಾರ ಜೋಡಿಸಿದರೆ ಸಿ4ನಿಂದ ಶುರುವಾದವು ತಾವಾಗಿಯೇ ಒಟ್ಟಿಗೆ ಬರುತ್ತವೆ. ನನ್ನ ಪ್ರೋಗ್ರಾಮನ್ನು ಹಾಗೇ ಬದಲಾಯಿಸಿದೆ.

ಲಂಡನ್ ಅಮ್ಮ:

ಟ್ಯಾಗ್‌ನಲ್ಲಿ ಕನ್ನಡದಲ್ಲೇ ಬರೆಯಬಹುದಾ? ಮಗಳ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಇಂಗ್ಲಿಷ್ ಅಷ್ಟು ಬರಲ್ಲ.

ಕುದುರೆ ಸವಾರ:

ಟ್ಯಾಗ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಒಳಗಿನ ಮಾಹಿತಿ ಕನ್ನಡದಲ್ಲಿ ಇಟ್ಟರೆ ಈಗಿನ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ತೋರಿಸುತ್ತವೆ. ಹಳೆಯವುಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರಬಹುದು, ಯಾಕೆಂದರೆ ಮೂಲ ನಿಯಮ ಪಶ್ಚಿಮ ಯೂರೋಪಿನ ಲಿಪಿಗೆ ಮಾಡಿದ್ದು. ಮೊದಲು ಒಂದು ಆಟದಲ್ಲಿ ಹಾಕಿ ನೋಡಿ. ಮೂಲ ಫೈಲಿನ ಕಾಪಿ ಇಟ್ಟುಕೊಂಡೇ ಮಾಡಿ.

ಹಳೇ ಬೋರ್ಡು:

ಆ ಮಕ್ಕಳಿಗೆ ಹೇಳೋಕೆ ಒಂದು ವಿಷಯ. ಇ60ರಿಂದ ಇ99ರವರೆಗೆ ಇರುವ ಕಿಂಗ್ಸ್ ಇಂಡಿಯನ್ ಇದೆಯಲ್ಲ, ಅದರ "ಇಂಡಿಯನ್" ನಮ್ಮ ದೇಶದ್ದೇ. 19ನೇ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಮೊಹೇಶ್ಚಂದ್ರ ಬ್ಯಾನರ್ಜಿ ಅನ್ನುವವರು ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ಆಟಗಾರರ ಜೊತೆ ಎಷ್ಟೋ ಆಟ ಆಡಿದರು. ಕಪ್ಪಿನಲ್ಲಿ ಕುದುರೆ ಎಫ್6, ಜಿ6, ಒಂಟೆ ಜಿ7, ಡಿ6. ನಮ್ಮ ಹಳೇ ಪದ್ಧತಿಯಲ್ಲಿ ಪಾನ್ ಮೊದಲ ನಡೆಗೂ ಒಂದೇ ಮನೆ ಹೋಗುತ್ತಿತ್ತು, ಹಾಗಾಗಿ ಈ ರೀತಿ ಕೂರುವುದು ಇಲ್ಲಿಯವರಿಗೆ ಸಹಜ.

ಮಲೆನಾಡ ಕೋಚ್:

ಎರಡು ವಾರ ಆಯಿತು, ವರದಿ ಕೊಡುತ್ತೇನೆ.

ಮೇಡಂ ಕಳಿಸಿದ ಪ್ರೋಗ್ರಾಮಿನಲ್ಲಿ ಇಡೀ ಫೈಲ್ ಹಾಕಿದೆ. ಬಾಗಿಲಿಗೆ ನಡೆಗಳು, ಮನೆಗೆ ಕೋಡ್. ದಾರಿಗಳು ಸೇರುವ ಜಾಗಗಳನ್ನು ನಾನೇ ಪಟ್ಟಿಗೆ ಸೇರಿಸುತ್ತಾ ಬಂದೆ, ಈವರೆಗೆ ಹನ್ನೊಂದು ಸಾಲು. ಪ್ರತಿ ಸಲ ಬೋರ್ಡ್ ಮೇಲೆ ಎರಡೂ ದಾರಿ ಆಡಿ, ಯಾರ ನಡೆ ಅಂತ ನೋಡಿಕೊಂಡೇ ಸೇರಿಸುತ್ತೇನೆ. ಒಂದು ಸಲ ಕಾಯಿಗಳೆಲ್ಲ ಸರಿ ಇದ್ದು ನಡೆ ಮಾತ್ರ ಎದುರಾಳಿಯದಾಗಿತ್ತು, ಸೇರಿಸಿಬಿಡುತ್ತಿದ್ದೆ.

ಆಮೇಲೆ ಸ್ಕಿಡ್‌ನಲ್ಲಿ ಇನ್ನೊಂದು ಕೆಲಸ ಮಾಡಿದೆ. ಅದರಲ್ಲಿ ಪಾನ್ ರಚನೆ ಇಟ್ಟು ಹುಡುಕಬಹುದು. ಬಿಳಿಗೆ ಡಿ4ನಲ್ಲಿ ಪಾನ್ ಇರಬೇಕು, ಸಿ ಮತ್ತು ಇ ಸಾಲಿನಲ್ಲಿ ಬಿಳಿ ಪಾನ್ ಇರಬಾರದು, ಹೀಗೆ ಕನಿಷ್ಠ ಎಂಟು ಅರ್ಧ ನಡೆ ಉಳಿದಿರಬೇಕು. ಅಂದರೆ ಒಂಟಿ ಡಿ ಪಾನ್. ಬಿ14, ಡಿ42 ಜೊತೆಗೆ ಅಲಪಿನ್ ಸಿಸಿಲಿಯನ್ ಬಿ22, ಕ್ವೀನ್ಸ್ ಗ್ಯಾಂಬಿಟ್ ಆಕ್ಸೆಪ್ಟೆಡ್, ನಿಮ್ಜೊ-ಇಂಡಿಯನ್ ಆಟಗಳೂ ಬಂದು ಬಿದ್ದವು. ಕೋಡ್ ನೋಡಿದ್ದರೆ ಇವನ್ನು ನಾನು ಯಾವತ್ತೂ ಒಂದೇ ಕಡೆ ಇಡುತ್ತಿರಲಿಲ್ಲ. ಓದಿದ ಮೇಲೆ ಒಂದು ವಿಷಯ ಕಂಡಿತು. ನಮ್ಮ ಮಕ್ಕಳು ಬಿಳಿ ಹಿಡಿದಾಗ ಡಿ5 ತಳ್ಳುವ ಹೊತ್ತು ಬಂದರೂ ತಳ್ಳುವುದಿಲ್ಲ, ಪಾನ್ ಹೋಗಿಬಿಡುತ್ತೆ ಅನ್ನುವ ಭಯ. ಯಾವ ಓಪನಿಂಗ್‌ನಿಂದ ಬಂದರೂ ಅದೇ ಭಯ.

ಈ ಭಾನುವಾರ ಕ್ಯಾರೊ-ಕಾನ್ ಹುಡುಗಿಯನ್ನೂ ಸೆಮಿ-ಟಾರಾಶ್ (ಡಿ42) ಹುಡುಗನನ್ನೂ ಒಂದೇ ಬೋರ್ಡಿಗೆ ಕೂರಿಸಿದೆ. ಹತ್ತನೇ ನಡೆಯಿಂದ ಶುರು. ಒಬ್ಬರು ಬಿಳಿ, ಒಬ್ಬರು ಕಪ್ಪು, ಆಮೇಲೆ ಅದಲು ಬದಲು. ಹುಡುಗಿ ಎರಡನೇ ಆಟದಲ್ಲಿ ಡಿ5 ತಳ್ಳಿದಳು.

ಒಂದು ಅನುಮಾನ ಉಳಿದಿದೆ. ಬಣ್ಣ ತಿರುಗಿದ ಓಪನಿಂಗ್‌ಗಳನ್ನು ಹಿಡಿಯುವುದು ಹೇಗೆ?

ಕುದುರೆ ಸವಾರ:

ಇಸಿಒಗೆ ಅದು ಗೊತ್ತಾಗುವುದೇ ಇಲ್ಲ ಸರ್. 2024ರ ವಿಶ್ವ ಚಾಂಪಿಯನ್‌ಷಿಪ್‌ನ 11ನೇ ಆಟ ತೆಗೆದು ನೋಡಿ. ಗುಕೇಶ್ ಬಿಳಿ, ಡಿಂಗ್ ಕಪ್ಪು: 1. ಕುದುರೆ ಎಫ್3 ಡಿ5 2. ಸಿ4 ಡಿ4 3. ಬಿ4 ಸಿ5 4. ಇ3. ಕೋಡ್ ಎ09, ರೆಟಿ. ಆದರೆ ಬೋರ್ಡನ್ನು ತಿರುಗಿಸಿ ನೋಡಿದರೆ ಬ್ಲೂಮೆನ್‌ಫೆಲ್ಡ್ ಗ್ಯಾಂಬಿಟ್‌ನ ಮುಖ. ಅದು ಇರುವುದು ಇ10ರಲ್ಲಿ.

ಸಾಲು ಎಣಿಸುವವಳು:

ಪೈಥಾನ್-ಚೆಸ್‌ನಲ್ಲಿ ಬೋರ್ಡನ್ನು ಕನ್ನಡಿಯಂತೆ ತಿರುಗಿಸಿ ಬಣ್ಣ ಅದಲು ಬದಲು ಮಾಡುವ ಸೌಲಭ್ಯ ಇದೆ. ತಿರುಗಿಸಿದ ಪೊಸಿಷನ್ನನ್ನು ಅದೇ ಪಟ್ಟಿಯಲ್ಲಿ ಹುಡುಕಬಹುದು. ಆದರೆ ಬಿಳಿಗೆ ಒಂದು ನಡೆ ಜಾಸ್ತಿ ಇರುತ್ತಲ್ಲ, ಹಾಗಾಗಿ ಸರಿಯಾಗಿ ಕೂರುವುದು ಕಡಿಮೆ. ಆ ಒಂದು ನಡೆ ಬಿಟ್ಟು ಹೋಲಿಸೋಕೆ ಆಗುತ್ತಾ ಅಂತ ಈ ವಾರ ಪ್ರಯತ್ನ ಮಾಡುತ್ತೇನೆ. ಸರ್, ನಿಮ್ಮ ಹನ್ನೊಂದು ಸಾಲುಗಳನ್ನು ಇಲ್ಲಿ ಹಾಕಿ, ಎಲ್ಲರ ಪಟ್ಟಿಗೂ ಸೇರಲಿ.

ಮಲೆನಾಡ ಕೋಚ್:

ಇವತ್ತು ರಾತ್ರಿ ಹಾಕುತ್ತೇನೆ. ಹನ್ನೆರಡನೆಯದೂ ಸಿಕ್ಕಿದೆ, ಅದನ್ನು ಒಮ್ಮೆ ಬೋರ್ಡ್ ಮೇಲೆ ಆಡಿ ನೋಡಬೇಕು.